ಕುಡಿಯದವಳ ಲಿವರ್

ನನ್ನ ಕಣ್ಣು ಹಳದಿಯಾಗಿದ್ದನ್ನು ಮೊದಲು ಕಂಡವರು ನಮ್ಮ ಅತ್ತೆ. ಬೆಳಿಗ್ಗೆ ನಾನು ಬುತ್ತಿ ಕಟ್ಟಿಕೊಳ್ಳುವಾಗಲೇ ಕಂಡಿದ್ದರಂತೆ. ಕಂಡವರು ನನಗೆ ಹೇಳಲಿಲ್ಲ, ಓಣಿಗೆ ಹೇಳಿದರು. ಸಂಜೆ ಕೆಂಭಾವಿಯ ಶಾಲೆ ಮುಗಿಸಿ, ಬಸ್ಸಿಳಿದು, ಶಹಾಪುರದ ನಮ್ಮ ಮನೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಆಚೀಚೆ ಮನೆಯ ಹೆಂಗಸರು ಬಾಗಿಲಲ್ಲಿ ನೆರೆದಿದ್ದರು. ಒಬ್ಬಾಕೆ, ನಾನಿನ್ನೂ ಕೈಚೀಲ ಇಳಿಸಿರಲಿಲ್ಲ, ಗದ್ದ ಹಿಡಿದು ನನ್ನ ಮುಖವನ್ನು ಬೆಳಕಿಗೆ ತಿರುಗಿಸಿದಳು. ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರು ಎತ್ತಿಗೆ ಅದಕ್ಕಿಂತ ಹೆಚ್ಚು ಮರ್ಯಾದೆ ಕೊಡುತ್ತಾರೆ.

"ಹೌದವ್ವ, ಕಾಮಣಿನೇ," ಅಂದಳು. "ಅರಿಶಿಣ ಬಳದಂಗ ಆಗ್ಯಾವ ಕಣ್ಣು."

"ನಾ ಹೇಳಿದ್ನೋ ಇಲ್ಲೋ?" ಅಂದರು ಅತ್ತೆ. ಗೆದ್ದವರ ಧ್ವನಿ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಯಕೃತ್ತು ದೇಹದ ಅತಿ ದೊಡ್ಡ ಗ್ರಂಥಿ, ಪಿತ್ತರಸ ಮಾಡುತ್ತದೆ, ವಿಷ ಸೋಸುತ್ತದೆ ಎಂದು ವರ್ಷ ವರ್ಷ ಬೋರ್ಡಿನ ಮೇಲೆ ಬರೆದು ಅಳಿಸಿದವಳು. ಆದರೂ ಆ ಗ್ರಂಥಿ ನನ್ನೊಳಗೂ ಒಂದು ಇದೆ ಎಂಬುದು ಅಲ್ಲಿಯವರೆಗೆ ನೆನಪಾಗಿರಲಿಲ್ಲ. ಹಲವು ವಾರಗಳಿಂದ ಮೈ ಸೋತು ಬರುತ್ತಿತ್ತು, ಮೈಯೆಲ್ಲಾ ತುರಿಕೆ, ಊಟ ಕಂಡರೆ ಓಕರಿಕೆ, ಮೂತ್ರ ಹಾಲಿಲ್ಲದ ಚಹಾದ ಬಣ್ಣ. ಬಿಸಿಲು, ಬಸ್ಸು, ವಯಸ್ಸು ಎಂದು ಎಲ್ಲಕ್ಕೂ ಕಾರಣ ಕೊಟ್ಟುಕೊಂಡಿದ್ದೆ.

ನಮ್ಮ ಮನೆಯವರಿಗೆ ಪೇಟೆಯಲ್ಲಿ ಬಟ್ಟೆ ಅಂಗಡಿ ಇದೆ. ಅವರು ಬಂದು ನನ್ನ ಕಣ್ಣು ನೋಡಿ, "ನಾಳೆ ದವಾಖಾನಿಗೆ ಹೋಗೂಣು," ಅಂದರು. ಒಳ್ಳೆಯ ಮಾತು. ಆದರೆ ಅದು ಅವರ ತಾಯಿಯ ಕಿವಿಗೆ ಬೀಳುವವರೆಗೆ ಮಾತ್ರ ಬದುಕಿತ್ತು.

"ಕಾಮಣಿಗೆ ಯಾರರ ದವಾಖಾನಿಗೆ ಹೋಗ್ತಾರೇನು? ಇಂಗ್ಲಿಷ್ ಗುಳಿಗಿ ನುಂಗಿದ್ರ ಕಾಮಣಿ ಕೆರಳ್ತದ," ಅಂದರು ಅತ್ತೆ. "ಯಾದಗಿರಿ ಆಚಿಗಿ ಮದ್ದು ಕೊಡಾವ ಒಬ್ಬಾವ ಇದ್ದಾನ. ಸತ್ತವರನ್ನ ಎಬ್ಬಿಸ್ಯಾನ."

ನಮ್ಮ ಮನೆಯವರು ಗಿರಾಕಿಯ ಮುಂದೆ ಗಜಗಟ್ಟಲೆ ಮಾತಾಡುತ್ತಾರೆ. ತಾಯಿಯ ಮುಂದೆ ಒಂದು ಗೇಣೂ ಇಲ್ಲ. "ಅವ್ವ ಹೇಳಾಕತ್ತಾಳ, ಒಮ್ಮಿ ನೋಡಿದ್ರ ಏನಾಗ್ತದ?" ಅಂದರು. ಹೀಗೆ ಸತ್ತವರನ್ನು ಎಬ್ಬಿಸುವವನ ಹತ್ತಿರ ನಾನು ಜೀವಂತವಾಗಿಯೇ ಹೋದೆ, ಅತ್ತೆಯ ಸಂಗಡ.

ಬಳಿಚಕ್ರದ ಕಡೆಯ ರಸ್ತೆ ಬಿಟ್ಟು ಎಷ್ಟೋ ಒಳಗೆ ಆ ಹಳ್ಳಿ. ಬೇವಿನ ಗಿಡದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮದ್ದಿನವನು ಕೂತಿದ್ದ. ಮುಂದೆ ಹಳದಿ ಕಣ್ಣಿನವರ ಸಾಲು. ಕುಡಿಯುವ ಸೊಪ್ಪಿನ ರಸಕ್ಕಿಂತ ಮೊದಲು ಅವನು ಕೈ ತೊಳೆಸುತ್ತಿದ್ದ. ಒಂದು ಗಡಿಗೆಯ ಕಂದು ನೀರಿನಿಂದ ಮೊಣಕೈವರೆಗೆ ಉಜ್ಜುವುದು, ಆಮೇಲೆ ಇನ್ನೊಂದು ಗಡಿಗೆಯ ಸುಣ್ಣದ ನೀರು ಸುರಿಯುವುದು. ಬೆರಳ ತುದಿಯಿಂದ ದಟ್ಟ ಹಳದಿ ನೀರು ತೊಟ್ಟಿಕ್ಕುತ್ತಿತ್ತು.

"ಹರಹರಾ! ನೋಡು, ವಿಷ ಹ್ಯಾಂಗ ಇಳೀತದ!" ಅಂದರು ಅತ್ತೆ, ನನ್ನ ಕೈಯಿಂದ ಇಳಿಯುವುದನ್ನು ಕಂಡು.

ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗುತ್ತದೆ. ಅದೇ ಜಾತಿಯ ಆಟ ಇದು, ಯಾವುದೋ ತೊಗಟೆಯ ರಸಕ್ಕೆ ಸುಣ್ಣ ಬಿದ್ದರೆ ಹಳದಿ. ಪ್ರಯೋಗ ಮಾಡದೆ ಏನನ್ನೂ ನಂಬಬೇಡಿರಿ ಎಂದು ಮಕ್ಕಳಿಗೆ ಹೇಳುವ ಬಾಯಿ ನನ್ನದು, ಸುಮ್ಮನಿರಲಿಲ್ಲ.

"ಅತ್ತಿ, ನಿಮ್ಮ ಕೈನೂ ಜರಾ ತೊಳಸ್ಕೋರಿ," ಅಂದೆ.

"ಅವರಿಗೇನು ಬ್ಯಾನಿ ಇಲ್ಲಲ್ಲ?" ಅಂದ ಮದ್ದಿನವನು.

"ಇಲ್ಲಂತನ ತೊಳೀರಿ ಅನ್ನಾಕತ್ತೀನಿ. ಅವರ ಕೈಯಾಗಿಂದ ನೀರು ಬೆಳ್ಳಗ ಬಿದ್ರ ನಿಮ್ಮನ್ನ ನಂಬತೀನಿ."

ಸಾಲಿನಲ್ಲಿದ್ದವರು ಕತ್ತೆತ್ತಿದರು. ಅತ್ತೆ ಹಿಂದೆ ಸರಿಯುವ ಹೆಂಗಸಲ್ಲ, ಬಳೆ ಮೇಲೇರಿಸಿ ಕೈ ಚಾಚಿದರು. ಕಂದು ನೀರು, ಆಮೇಲೆ ಸುಣ್ಣದ ನೀರು. ಬಿತ್ತು, ನನ್ನದಕ್ಕಿಂತ ಒಂದು ಕೈ ಹೆಚ್ಚೇ ಹಳದಿ. ಈಗ ಇವನೇನು ಹೇಳುತ್ತಾನೆ ನೋಡೋಣ ಎಂದು ನಾನು ಎದೆ ಸೆಟೆಸಿ ನಿಂತೆ.

ಅವನ ರೆಪ್ಪೆ ಸಹ ಅಲುಗಲಿಲ್ಲ.

"ನಿಮಗೂ ಅದ ಯವ್ವಾ," ಅಂದ. "ಒಳಗಿನ ಕಾಮಣಿ. ಕಣ್ಣಿಗೆ ಇನ್ನ ಬಂದಿಲ್ಲ. ಛಲೋ ಟೈಮಿಗೆ ಬಂದೀರಿ."

ಅತ್ತೆ ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ. ಮೋಸ ಹಿಡಿದುಕೊಟ್ಟೆನೆಂಬ ಮೆಚ್ಚುಗೆ ಅದರಲ್ಲಿ ಸಾಸಿವೆಯಷ್ಟೂ ಇರಲಿಲ್ಲ. "ನಿಂದೇ ಹತ್ತ್ಯಾದ ನನಗ," ಅಂದರು. "ಒಂದೇ ಮನ್ಯಾಗ ಉಂಡು." ಅತ್ತೆ ಸೊಸೆ ಇಬ್ಬರೂ ಅಕ್ಕಪಕ್ಕ ಕೂತು ಆ ಹಸಿರು ರಸ ಕುಡಿದೆವು. ಹಾಗಲಕಾಯಿಯನ್ನು ಬೇವಿನಲ್ಲಿ ಅರೆದ ಹಾಗಿತ್ತು. ವಿಜ್ಞಾನ ಅವತ್ತು ಗೆದ್ದಿತ್ತು, ಆದರೆ ಅದನ್ನು ನೋಡಿದವಳು ನಾನೊಬ್ಬಳೇ.

ಇಷ್ಟೆಲ್ಲ ಆದ ಮೇಲೆ ನನ್ನ ಕಣ್ಣು ಬೆಳ್ಳಗಾದವು. ಆ ಕಾಯಿಲೆಯ ಸ್ವಭಾವವೇ ಹಾಗಂತೆ, ಏರುತ್ತದೆ, ತಾನಾಗಿ ಇಳಿಯುತ್ತದೆ, ಒಳಗೊಳಗೆ ಕೆಲಸ ನಡೆಸುತ್ತಿರುತ್ತದೆ. ಅದು ನನಗೆ ಬಹಳ ತಡವಾಗಿ ತಿಳಿಯಿತು. ಆಗ ಮಾತ್ರ ಮದ್ದಿನವನ ಜಯಜಯಕಾರ. ಅತ್ತೆ ಓಣಿಯಲ್ಲಿ ತಮ್ಮ ಒಳಗಿನ ಕಾಮಣಿಯ ಕಥೆಯನ್ನು ನನ್ನ ಹೊರಗಿನ ಕಾಮಣಿಗಿಂತ ದೊಡ್ಡದು ಮಾಡಿ ಹೇಳಿಕೊಂಡು ತಿರುಗಿದರು. ಅವರ ಮಾತು ನಂಬಿ ಇನ್ನೂ ನಾಲ್ಕು ಮಂದಿ ಅವನ ಹತ್ತಿರ ಹೋಗಿ ಕೈ ತೊಳೆಸಿಕೊಂಡು ಬಂದರು. ನಾಲ್ವರಿಗೂ ಒಳಗಿನ ಕಾಮಣಿ ಇತ್ತು.

ಮತ್ತೆ ಶಾಲೆ, ಬಸ್ಸು. ಬೇಸಿಗೆ ರಜೆ ಕಳೆದು ಮಳೆಗಾಲ ಹಿಡಿಯುವ ಹೊತ್ತಿಗೆ ಚಪ್ಪಲಿಯ ಪಟ್ಟಿ ಪಾದಕ್ಕೆ ಕಚ್ಚತೊಡಗಿತು. ಕಾಲು ಬಾತಿದ್ದವು, ಒತ್ತಿದರೆ ಹಿಟ್ಟಿನ ಮುದ್ದೆಯಂತೆ ಕುಳಿ ಬೀಳುತ್ತಿತ್ತು. ಹೊಟ್ಟೆ ಮುಂದೆ ಬಂತು. ಶಿಕ್ಷಕರ ಕೋಣೆಯಲ್ಲಿ ಕನ್ನಡದ ಅಕ್ಕೋರು ನನ್ನ ಸೀರೆಯ ನೆರಿಗೆ ದಿಟ್ಟಿಸಿ, ಕುರ್ಚಿ ಹತ್ತಿರ ಎಳೆದುಕೊಂಡು, "ಏನರ ವಿಶೇಷ ಅದೇನ್ರಿ?" ಅಂದರು. ನನ್ನ ತಲೆಯ ಅರ್ಧ ಕೂದಲು ನೆರೆತಿದೆ. ವಿಶೇಷ ಇದ್ದರೆ ಪೇಪರಿನಲ್ಲಿ ಬರುತ್ತಿತ್ತು.

ಅವತ್ತು ಸಂಜೆ ನಾನು ಯಾರನ್ನೂ ಕೇಳಲಿಲ್ಲ. "ನಾಳೆ ಕಲಬುರಗಿಗೆ ಹೋಗೋದದ. ಅಂಗಡಿ ತೆರೀತೀರೋ, ಬರ್ತೀರೋ?" ಅಂದೆ. ಮನೆಯವರು ತಾಯಿಯ ಕಡೆ ನೋಡಿದರು. ತಾಯಿ ಮಗನ ಕಡೆ ನೋಡಿದರು. ನಾನು ಇಬ್ಬರ ಕಡೆಯೂ ನೋಡಲಿಲ್ಲ, ಸೀರೆ ಮಡಚಿ ಚೀಲಕ್ಕೆ ಹಾಕಿದೆ. ಬಂದರು.

ಅಲ್ಲಿ ಹೊಟ್ಟೆಯ ಡಾಕ್ಟರು ರಕ್ತ ತೆಗೆಸಿದರು, ಸ್ಕ್ಯಾನ್ ಮಾಡಿಸಿದರು. ನಾವು ತಿರುಗಿ ಅವರ ಕೋಣೆಗೆ ಹೋದಾಗ ಅವರು ಕಾಗದ ನೋಡುತ್ತಾ, "ಲಿವರ್ ಗಟ್ಟಿಯಾಗ್ತಾ ಬಂದಿದೆ. ಸಿರೋಸಿಸ್ ಅಂತೀವಿ. ಹೊಟ್ಟೇಲಿ ಸ್ವಲ್ಪ ನೀರು ತುಂಬಿದೆ," ಅಂದರು. ಆಮೇಲೆ ತಲೆ ಎತ್ತಿ, ನನ್ನನ್ನಲ್ಲ, ನಮ್ಮ ಮನೆಯವರನ್ನು ಕೇಳಿದರು:

"ಪೇಷಂಟ್ ಕುಡೀತಾರಾ?"

ಪೇಷಂಟಿಗೆ ಬಾಯಿ ಇತ್ತು. ಅದು ಡಾಕ್ಟರಿಗೆ ಕಾಣಲಿಲ್ಲ. ಅದಕ್ಕೆ ನನಗೇನು ಅಷ್ಟು ಅನಿಸಲಿಲ್ಲ, ಹೆಂಗಸರ ಸಂಗತಿಯನ್ನು ಗಂಡಸರಿಗೆ ಕೇಳುವುದು ಈ ಸೀಮೆಯಲ್ಲಿ ಹೊಸದಲ್ಲ. ನನ್ನ ಎದೆಗೆ ಚುಚ್ಚಿದ್ದು ಬೇರೆ. ನಮ್ಮ ಮನೆಯವರು ತಕ್ಷಣ ಉತ್ತರ ಕೊಡಲಿಲ್ಲ. ಫ್ಯಾನು ತಿರುಗುತ್ತಿತ್ತು. ಅವರು ಒಮ್ಮೆ ನನ್ನ ಮುಖ ನೋಡಿ, ಆಮೇಲೆ ನೆಲ ನೋಡಿ, "ಇಲ್ರಿ… ಇಲ್ಲ," ಅಂದರು. ಇಷ್ಟು ವರ್ಷ ಒಂದೇ ತಟ್ಟೆಯಲ್ಲಿ ರೊಟ್ಟಿ ಮುರಿದವರು. ಆ ಎರಡು 'ಇಲ್ಲ'ಗಳ ನಡುವೆ ಒಂದು ಬಾಟಲಿ ನಿಲ್ಲುವಷ್ಟು ಜಾಗ ಇತ್ತು.

"ಕುಡಿಯದಿದ್ರೂ ಬರುತ್ತೆ," ಅಂದರು ಡಾಕ್ಟರು. "ಯಾವುದರಿಂದ ಅಂತ ನೋಡಬೇಕು. ಇನ್ನೂ ಕೆಲವು ಟೆಸ್ಟ್ ಕಳಿಸೋಣ." ಗಿಡಮೂಲಿಕೆ ಏನಾದರೂ ತೆಗೆದುಕೊಂಡಿರಾ ಎಂದೂ ಕೇಳಿದರು. ನಾನೇ ಹೇಳಿದೆ. "ಹುಷಾರಿಲ್ಲದ ಲಿವರಿಗೆ ಗೊತ್ತಿಲ್ಲದ ರಸ ಹಾಕಿದ್ರೆ ಇನ್ನಷ್ಟು ಕೆಡಬಹುದು. ಓದಿದವರು ನೀವೇ ಹೀಗೆ ಮಾಡಿದ್ರೆ?" ಎಂದು ಬೈದರು. ಓದದವರು ಮನೆಯಲ್ಲಿ ಆರಾಮಾಗಿ ಕೂತಿದ್ದರು, ಬೈಗುಳ ನನ್ನ ಪಾಲಿಗೆ ಬಂತು.

ನಮ್ಮ ಕಡೆ 'ಲಿವರ್ ಹೋಗ್ಯಾದ' ಅಂದರೆ ಒಂದೇ ಅರ್ಥ. ಕುಡಿದು ಕುಡಿದು ಹೋಗಿದೆ ಎಂದು. ಜ್ವರ ಯಾರಿಗಾದರೂ ಬರಬಹುದು, ಸಕ್ಕರೆ ಕಾಯಿಲೆ ಬಂದರೆ ಮನೆತನಕ್ಕೆ ಗೌರವವೇ, ಆದರೆ ಲಿವರ್ ಕುಡುಕರ ಸೊತ್ತು. ಆದ್ದರಿಂದ ಮನೆಯಲ್ಲಿ 'ಹೊಟ್ಯಾಗ ನೀರಾಗ್ಯದ' ಎಂದಷ್ಟೇ ಹೇಳೋಣ ಎಂದು ಗಂಡ ಹೆಂಡತಿ ಬಸ್ಸಿನಲ್ಲೇ ಮಾತಾಡಿಕೊಂಡು ಬಂದೆವು. ಮಾತು ಉಳಿಯಬೇಕಾದರೆ ಮೈದುನ ಊರಲ್ಲಿರಬಾರದಿತ್ತು.

ನಮ್ಮ ಮೈದುನ ಭೀಮರಾಯನಗುಡಿ ಕ್ಯಾಂಪಿನ ಕಡೆ ಸಣ್ಣಪುಟ್ಟ ಗುತ್ತಿಗೆ ಕೆಲಸ ಹಿಡಿಯುತ್ತಾನೆ. ಹೊತ್ತು ಮುಳುಗಿದರೆ ಹೆದ್ದಾರಿಯ ಧಾಬಾ ಹಿಡಿಯುತ್ತಾನೆ. ಮದುವೆಗೆ ಮೊದಲಿನಿಂದಲೂ ಕುಡಿಯುತ್ತಾನೆ, ತಪ್ಪದೆ, ನಮ್ಮ ಅತ್ತೆ ಲಿಂಗಪೂಜೆ ಮಾಡುವಷ್ಟೇ ನೇಮದಿಂದ. ಅತ್ತೆಯ ಲೆಕ್ಕದಲ್ಲಿ ಮಾತ್ರ ಆತ ಕುಡಿಯುವುದಿಲ್ಲ, "ದೋಸ್ತರ ಸಂಗಾಟ ಕೂಡ್ತಾನ", ಅಷ್ಟೇ. ಆತ ಟೇಬಲ್ಲಿನ ಮೇಲಿದ್ದ ನನ್ನ ರಿಪೋರ್ಟು ತೆರೆದು, ಸ್ಪೆಲ್ಲಿಂಗ್ ಕೂಡಿಸಿ ಕೂಡಿಸಿ ಓದಿ, ಜೋರಾಗಿ ಉಚ್ಚರಿಸಿದ:

"ಸಿರೋಸಿಸ್ಸಾ? ವೈನಿ, ಇದು ನಮ್ಮಂಥವರ ಬ್ಯಾನಿ ಅಲ್ಲೇನ್ರೀ!"

ಊರಿಗೆಲ್ಲ ಗೊತ್ತಾಗಲು ಅಷ್ಟು ಸಾಕಾಯಿತು.

ಆಮೇಲೆ ನೋಡುವವರ ಜಾತ್ರೆ. ಎಳನೀರು ಹಿಡಿದು ಬರುವರು, ಕಬ್ಬಿನ ಹಾಲು ಹಿಡಿದು ಬರುವರು, ಕೂತು ಮೊದಲು ನನ್ನ ಕಣ್ಣು, ಆಮೇಲೆ ಹೊಟ್ಟೆ, ಆಮೇಲೆ ಅಲಮಾರಿನ ಕಡೆ ನೋಡುವರು. ಹೇಳುವ ಮಾತು ಒಂದೇ: "ನೀವು ಅಂಥವರಲ್ಲ ಬಿಡ್ರಿ." ಅಂಥವಳು ಎಂದು ನಾನು ಹೇಳಿರಲಿಲ್ಲವಲ್ಲ? ಅಂಥವಳಲ್ಲ ಎಂದು ಸಾಂತ್ವನ ಹೇಳಲು ಮನೆ ಹುಡುಕಿ ಬರುತ್ತಾರೆಂದರೆ, ಅಂಥವಳು ಎಂದು ಎಲ್ಲೋ ಮಾತಾಗಿಯೇ ಬಂದಿದ್ದಾರೆ ಎಂದರ್ಥ. ದೂರದ ನೆಂಟರಾಕೆ ಒಬ್ಬಳು ಹೋಗುವಾಗ ನನ್ನ ಕೈ ಹಿಡಿದು ಮೆಲ್ಲಗೆ, "ಆಗಿದ್ದು ಆಯ್ತು, ಇನ್ನರ ಬಿಟ್ಟುಬಿಡವ್ವ," ಅಂದಳು. "ಏನು ಬಿಡಲಿ?" ಅಂದೆ. ಆಕೆ ಕಣ್ಣು ತುಂಬಿಕೊಂಡು ಹೊರಟುಹೋದಳು. ಇಂಥ ಕರುಣೆಗೆ ಉತ್ತರವಾಗಿ ಏನು ಕೊಡಬೇಕೋ ಗೊತ್ತಾಗಲಿಲ್ಲ, ಅವಳ ಎಳನೀರನ್ನು ಎಮ್ಮೆಯ ಕಲಗಚ್ಚಿಗೆ ಸುರಿದೆ.

ಡಾಕ್ಟರು ಉಪ್ಪು ಬಿಡಿ ಎಂದಿದ್ದರು, ನೀರು ಇಳಿಯುವವರೆಗೆ. ನನ್ನ ಪಲ್ಯ ಬೇರೆ ತೆಗೆದಿಡುತ್ತಿದ್ದೆ. ಆದರೂ ತಿನ್ನುವಾಗ ನಾಲಿಗೆಗೆ ಉಪ್ಪು ಹತ್ತುತ್ತಿತ್ತು. ಒಂದು ದಿನ ಕಂಡೆ, ಅತ್ತೆ ನನ್ನ ಪುಂಡಿಪಲ್ಯಕ್ಕೆ ಚಿಟಿಕೆ ಚಿಟಿಕೆ ಉಪ್ಪು ಉದುರಿಸುತ್ತಿದ್ದರು.

"ಯಾಕ್ ಅತ್ತಿ?"

"ಉಪ್ಪಿಲ್ಲದ್ದು ಹ್ಯಾಂಗ ತಿಂತಿ? ಡಾಕ್ಟರಿಗೇನು, ಹೇಳಿ ಹೋಗ್ತಾನ. ಸೊಸಿಗಿ ಉಪ್ಪು ಸೈತ ಹಾಕಲಿಲ್ಲ ಅಂತ ನಾಳೆ ಮಂದಿ ನನಗಂತಾರ."

ಪ್ರೀತಿ ಇತ್ತೋ ಇಲ್ಲವೋ, ಮಂದಿಯಂತೂ ಇದ್ದರು. ನಾನು ಪಲ್ಯದ ಬೋಗುಣಿಯನ್ನು ನನ್ನ ಕೋಣೆಗೆ ಒಯ್ದು ಇಡತೊಡಗಿದೆ. ಅದೂ ತಿರುಗಿ ನನಗೇ ಬಡಿಯಿತು: ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಏನು ತಿನ್ನುತ್ತಾಳೆ, ಏನು ಕುಡಿಯುತ್ತಾಳೆ?

ಈ ಮಾತು ಎಲ್ಲೆಲ್ಲೋ ಸುತ್ತಿ ಕಡೆಗೆ ನಮ್ಮ ಮನೆಯವರ ತಲೆಗೂ ಹೊಕ್ಕಿತು. ಒಂದು ಭಾನುವಾರ ಬೆಳಿಗ್ಗೆ ಸ್ನಾನ ಮುಗಿಸಿ ಬಂದರೆ, ಅವರು ಕಿಟಕಿಯ ಹತ್ತಿರ ನಿಂತು ನನ್ನ ಕೆಮ್ಮಿನ ಔಷಧಿಯ ಬಾಟಲಿ ಮೂಸುತ್ತಿದ್ದರು.

"ಏನ್ ಮಾಡಾಕತ್ತೀರಿ?"

"ಏನಿಲ್ಲ. ಎಕ್ಸ್‌ಪೈರಿ ನೋಡಾಕತ್ತಿದ್ದೆ."

"ಎಕ್ಸ್‌ಪೈರಿ ಕಣ್ಣಿಲೆ ನೋಡ್ತಾರ್ರಿ, ಮೂಗಿಲೆ ಅಲ್ಲ."

ಅವರು ಬಾಟಲಿ ಕೆಳಗಿಟ್ಟರು. "ಸಿಟ್ಟಿಗಿ ಬರಬ್ಯಾಡ. ನೀವು ಟೀಚರ್ ಮಂದಿ ಎಲ್ಲಾ ಟ್ರೇನಿಂಗಿಗಿ ಹೋಗ್ತಿದ್ರಿ, ವಸತಿ ಇರ್ತಿದ್ರಿ… ಎಂದಾದ್ರ ಒಮ್ಮಿ, ಯಾರರ ಒತ್ತಾಯ ಮಾಡಿ…" ಅಂದರು.

ಟ್ರೇನಿಂಗಿನಲ್ಲಿ ನಾವು ವಸತಿ ಇರುತ್ತಿದ್ದುದು ನಿಜ. ಇಪ್ಪತ್ತು ಜನ ಹೆಂಗಸರು, ಒಂದು ಬಚ್ಚಲು, ನೀರು ಬಿಟ್ಟಾಗ ಎದ್ದು ಸಾಲು ನಿಲ್ಲುತ್ತಿದ್ದೆವು. ಅಲ್ಲಿ ಕುಡಿಯಲು ನೀರೇ ಸಿಗುತ್ತಿರಲಿಲ್ಲ. ಇದನ್ನು ಹೇಳಬಹುದಿತ್ತು. ಹೇಳಲಿಲ್ಲ. ನನ್ನ ಗಂಡನ ಮುಂದೆ ನಾನು ಸಾಕ್ಷಿ ಒದಗಿಸಬೇಕಾದ ದಿನ ಬಂದರೆ ಆ ಸಾಕ್ಷಿಯನ್ನು ಒದಗಿಸದಿರುವುದೇ ಮೇಲು ಅನಿಸಿತು. ಟವೆಲ್ಲು ಹಗ್ಗದ ಮೇಲೆ ಹಾಕಿ ಒಳಗೆ ಹೋದೆ. ಮುಂದಿನ ಸಲ ಕಲಬುರಗಿಗೆ ಹೋಗುವವರೆಗೆ ಅವರಿಗೆ 'ಹೂಂ', 'ಊಹೂಂ' ಬಿಟ್ಟು ಬೇರೆ ಮಾತು ನನ್ನಿಂದ ಸಿಗಲಿಲ್ಲ. ಅವರು ಪಾಪ ಎರಡು ಸೀರೆ ತಂದರು. ಅಂಗಡಿಯಲ್ಲಿ ಹೋಗದೆ ಉಳಿದವು, ಬಣ್ಣ ನೋಡಿದರೆ ತಿಳಿಯುತ್ತಿತ್ತು.

ಆ ಸಲ ಪಕ್ಕೆಲುಬಿನ ನಡುವೆ ಸೂಜಿ ಹಾಕಿ ಲಿವರಿನ ಒಂದು ಎಳೆ ತೆಗೆದರು. ನೋವಿಗಿಂತ ವಿಚಿತ್ರ ಅನಿಸಿತು, ಒಳಗೆ ಯಾರೋ ಬಾಗಿಲು ತಟ್ಟಿದ ಹಾಗೆ. ಫಲಿತಾಂಶ ಬಂದಾಗ ನಾನು ಕುರ್ಚಿಯನ್ನು ಮುಂದೆ ಎಳೆದುಕೊಂಡು ಕೂತು, "ಡಾಕ್ಟರೇ, ಇದು ಕುಡಿದು ಬಂದದ್ದಾ ಅಲ್ಲವಾ ಅನ್ನೋದನ್ನ ಇವರಿಗೆ ಹೇಳಿ. ಇವರ ಮುಖ ನೋಡಿ ಹೇಳಿ," ಅಂದೆ.

ಡಾಕ್ಟರಿಗೆ ಅರ್ಥವಾಯಿತು ಎಂದು ಕಾಣುತ್ತದೆ. ಪೆನ್ನು ಕೆಳಗಿಟ್ಟು ನಿಧಾನವಾಗಿ ಹೇಳಿದರು. ಮೈಯಲ್ಲಿ ರೋಗದ ವಿರುದ್ಧ ಕಾದಾಡುವ ಶಕ್ತಿ ಇರುತ್ತದೆ. ಕೆಲವರಲ್ಲಿ ಅದು ದಾರಿ ತಪ್ಪಿ ಸ್ವಂತ ಲಿವರನ್ನೇ ವೈರಿ ಎಂದು ತಿಳಿದು ಕೆಡಿಸುತ್ತದೆ. ಹೆಂಗಸರಲ್ಲಿ ಹೆಚ್ಚು. ಕುಡಿತಕ್ಕೂ ಇದಕ್ಕೂ ಸಂಬಂಧ ಇಲ್ಲ. ಕೆಟ್ಟ ಭಾಗ ಪೂರ್ತಿ ಸರಿ ಹೋಗಲಿಕ್ಕಿಲ್ಲ, ಆದರೆ ಸ್ಟಿರಾಯ್ಡ್ ಗುಳಿಗೆ ಸರಿಯಾಗಿ ತೆಗೆದುಕೊಂಡರೆ ಮುಂದೆ ಕೆಡುವುದನ್ನು ತಡೆಯಬಹುದು. ಬಹಳ ವರ್ಷ ಚೆನ್ನಾಗಿ ಇರಬಹುದು. ತಾವಾಗಿ ಗುಳಿಗೆ ನಿಲ್ಲಿಸಬಾರದು.

ಮನೆಯವರು ತಲೆ ತಗ್ಗಿಸಿ ಕೇಳಿದರು. ಹೊರಗೆ ಬಂದು ಔಷಧಿ ಅಂಗಡಿಯ ಮುಂದೆ ನಿಂತಾಗ, "ತಪ್ಪಾತು," ಅಂದರು. ನಾನು, "ಗುಳಿಗಿ ಚೀಟಿ ಕೊಡ್ರಿ," ಅಂದೆ.

ಊರಿಗೆ ಬಂದ ಮೇಲೆ ಅವರು ಪಶ್ಚಾತ್ತಾಪದ ಉಮೇದಿನಲ್ಲಿ ಕಂಡಕಂಡವರಿಗೆಲ್ಲ ನನ್ನ ಕಾಯಿಲೆ ವಿವರಿಸತೊಡಗಿದರು. ಗಿರಾಕಿಗೆ ಬಟ್ಟೆ ಬಿಚ್ಚಿ ತೋರಿಸುವ ಹಾಗೆ. "ಕುಡಿದು ಬಂದಿದ್ದಲ್ಲ. ಆಕಿ ಮೈನೇ ಆಕಿನ್ನ ತಿನ್ನಾಕತ್ತದ," ಎಂಬುದು ಅವರ ವ್ಯಾಖ್ಯಾನ. ಇದನ್ನು ಕೇಳಿದ ಅತ್ತೆ ಒಂದು ಗಳಿಗೆ ಯೋಚಿಸಿ ತೀರ್ಪು ಕೊಟ್ಟರು:

"ಮೈ ಅಲ್ಲೋ, ಆಕಿ ಸಿಟ್ಟು. ಆಕಿ ಸಿಟ್ಟೇ ಆಕಿನ್ನ ತಿನ್ನಾಕತ್ತದ. ಮದುವಿ ಆಗಿ ಬಂದಾಗಿಂದ ನೋಡೀನಿ, ಮಾರಿ ಗಂಟ ಹಾಕ್ಕೊಂಡೇ ಇರ್ತಾಳ."

ಓಣಿಗೆ ಇದು ಸರಿಹೋಯಿತು. ಕುಡುಕಿಯ ಪಟ್ಟ ಇಳಿದು ಸಿಟ್ಟಿನವಳ ಪಟ್ಟ ಏರಿತು. ನಿಜ ಹೇಳಬೇಕೆಂದರೆ ಈ ಎರಡನೆಯದರಲ್ಲಿ ಸ್ವಲ್ಪವಾದರೂ ತಥ್ಯ ಇತ್ತು, ಹಾಗಾಗಿ ನಾನು ಆಕ್ಷೇಪಿಸಲಿಲ್ಲ.

ಸ್ಟಿರಾಯ್ಡಿನಿಂದ ಮುಖ ದುಂಡಗೆ ಊದಿಕೊಂಡಿತು. ಕೆನ್ನೆ ಎರಡೂ ಬನ್ನಿನಂತೆ. ಕನ್ನಡಿ ನೋಡಲು ಬೇಸರವಾಗುತ್ತಿತ್ತು. ಆ ಮುಖ ನೋಡಿ, ಹಿಂದೆ 'ನೀವು ಅಂಥವರಲ್ಲ ಬಿಡ್ರಿ' ಅಂದಿದ್ದ ಜನವೇ, "ಈಗ ಛಲೋ ಆಗೀರಿ ನೋಡ್ರಿ, ಮಾರಿ ತುಂಬ್ಯಾದ," ಎಂದು ಮೆಚ್ಚಿದರು. ರೋಗ ತಿನ್ನುವಾಗ ಕಾಣದ ಕಣ್ಣಿಗೆ ಔಷಧಿಯ ಬಾವು ಆರೋಗ್ಯವಾಗಿ ಕಂಡಿತು.

ಇನ್ನು ಧಾಬಾದ ಸುದ್ದಿ. ನಮ್ಮ ಮೈದುನನ ಹೆಂಡತಿ ಒಂದು ದಿನ ಬಿಕ್ಕುತ್ತಾ ಬಂದು ಹೇಳಿದಳು. ಇಷ್ಟು ದಿನ ಆತ ಕುಡಿದು ಬಂದಾಗ ಆಕೆ ಅವರಿವರ ಸಾವು ತೋರಿಸಿ ಹೆದರಿಸುತ್ತಿದ್ದಳು. ಈಗ ಅವನ ಹತ್ತಿರ ಉತ್ತರ ಇತ್ತು. ನಾನು.

"ನಮ್ಮ ವೈನಿ ಒಂದ ಹನಿ ಮುಟ್ಟಿದಾಕಿ ಅಲ್ಲ. ಆಕಿ ಲಿವರ್ ಹೋಗ್ಯಾದ. ನಾ ದಿನಾ ಕುಡೀತೀನಿ, ನಂದು ಗುಂಡಕಲ್ಲಿನಂಗ ಅದ. ಅಂದಮ್ಯಾಲ ಬಿಟ್ಟು ಏನ್ ಸಿಗ್ತದ?" ಇದು ಅವನ ವಾದ. ಧಾಬಾದಲ್ಲಿ ಅವನ ದೋಸ್ತರೆಲ್ಲ ಇದಕ್ಕೆ ಗ್ಲಾಸು ಎತ್ತಿದರಂತೆ. ನನ್ನ ಲಿವರ್ ನನಗೆ ಉಪಯೋಗ ಬೀಳದಿದ್ದರೂ ಹೆದ್ದಾರಿಯ ಕುಡುಕರಿಗೆಲ್ಲ ಧೈರ್ಯ ತುಂಬುತ್ತಿತ್ತು. ಆ ಹೆಂಗಸು ಅತ್ತು, ಮೂಗು ಒರೆಸಿಕೊಂಡು, "ನಿಮಗ ಇದು ಬರಬಾರದಿತ್ತಕ್ಕ," ಅಂದಳು. ನನ್ನ ಮೇಲಿನ ಮರುಕದಿಂದಲ್ಲ, ತನ್ನ ಕೈಯಲ್ಲಿದ್ದ ಒಂದೇ ಅಸ್ತ್ರವನ್ನು ನಾನು ಮೊಂಡು ಮಾಡಿದೆ ಎಂದು. ಆಕೆಯ ಮೇಲೆ ಮಾತ್ರ ನನಗೆ ಸಿಟ್ಟು ಬರಲಿಲ್ಲ. ಕೂಡಿಸಿ ಚಹಾ ಮಾಡಿಕೊಟ್ಟೆ.

ಮುಂದಿನ ತಪಾಸಣೆಯ ದಿನ ಮನೆಯವರು ಮಾಲು ತರಲು ಸೋಲಾಪುರಕ್ಕೆ ಹೋಗಿದ್ದರು. ಮೈದುನನೇ ನನ್ನ ಜೊತೆ ಬಂದ. ಆಸ್ಪತ್ರೆಯಲ್ಲಿ ನಮ್ಮ ಎದುರಿನ ಬೆಂಚಿನ ಮೇಲೆ ಒಬ್ಬ ಗಂಡಸನ್ನು ಮಲಗಿಸಿದ್ದರು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಗಡಿಗೆಯಂತೆ. ಕಣ್ಣು ಹಳದಿ. ಹೆಂಡತಿ ಗಾಳಿ ಬೀಸುತ್ತಿದ್ದಳು. ಇದ್ದಕ್ಕಿದ್ದಂತೆ ಅವನು ಮಗ್ಗುಲಾಗಿ ರಕ್ತ ಕಾರಿದ. ನರ್ಸ್‌ಗಳು ಓಡಿ ಬಂದು ಒಳಗೆ ಒಯ್ದರು. ನೆಲದ ಮೇಲೆ ರಕ್ತ ಉಳಿಯಿತು.

ಮೈದುನ ಗೋಡೆಗೆ ಒರಗಿದ. ಮುಖದಲ್ಲಿ ರಕ್ತ ಇರಲಿಲ್ಲ.

"ವೈನಿ, ಆತ… ಕುಡೀತಿದ್ನೇನು?"

"ನನಗೇನ್ ಗೊತ್ತು? ಆತನ ಹೆಂಡ್ತಿನ್ನ ಕೇಳ್ರಿ."

ಹೋಗಿ ಕೇಳಿದ. ತಿರುಗಿ ಬಂದು ಪಕ್ಕದಲ್ಲಿ ಕೂತ. ಆಮೇಲೆ ತಗ್ಗಿದ ದನಿಯಲ್ಲಿ, "ನಂದೂ ಒಮ್ಮಿ ನೋಡಿಸ್ರಿ ವೈನಿ. ಮನ್ಯಾಗ ಹೇಳಬ್ಯಾಡ್ರಿ," ಅಂದ. ಡಾಕ್ಟರಿಗೆ ನಾನೇ ಹೇಳಿ ರಕ್ತ ಕೊಡಿಸಿದೆ, ಸ್ಕ್ಯಾನ್ ಮಾಡಿಸಿದೆ. ರಿಪೋರ್ಟು ಬರುವವರೆಗೆ ಅವನು ಮನೆದೇವರಿಗೆ ಏನೇನು ಹರಕೆ ಹೊತ್ತನೋ, ತುಟಿ ಮಾತ್ರ ನಿಲ್ಲದೆ ಅಲುಗುತ್ತಿದ್ದವು. ಆ ಹೊತ್ತು ನನಗೂ ಒಂದು ಆಸೆ ಹುಟ್ಟಿತ್ತು, ಮುಚ್ಚಿಡುವುದಿಲ್ಲ. ಸಾಯುವಂಥದ್ದು ಬೇಡ, ಒಂದಿಷ್ಟು, ಬುದ್ಧಿ ಬರುವಷ್ಟು ಕೆಟ್ಟಿರಲಿ ಎಂದು.

ನಾರ್ಮಲ್.

ಎಲ್ಲ ನಾರ್ಮಲ್. ಡಾಕ್ಟರು ಅವನಿಗೂ ನಿಧಾನವಾಗಿಯೇ ಹೇಳಿದರು: "ಇವತ್ತು ಚೆನ್ನಾಗಿದೆ ಅಂದ್ರೆ ನಾಳೆಗೂ ಇರುತ್ತೆ ಅಂತಲ್ಲ. ಎಲ್ಲರದ್ದೂ ಒಂದೇ ಥರ ಕೆಡಲ್ಲ. ಕೆಟ್ಟದ್ದು ಬಹಳ ದಿನ ಗೊತ್ತೇ ಆಗಲ್ಲ. ಈಗ ಬಿಡಿ, ಒಳ್ಳೇ ಟೈಮು." ಇದರಲ್ಲಿ ಅವನ ಕಿವಿಗೆ ಹೋದದ್ದು 'ಚೆನ್ನಾಗಿದೆ', 'ಒಳ್ಳೇ ಟೈಮು', ಎರಡೇ.

ಮನೆಯಲ್ಲಿ ಹೇಳಬೇಡಿರಿ ಅಂದವನೇ ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲು ಕೂಗಿದ. "ಅವ್ವಾ, ನನ್ನ ಲಿವರ್ ಫಸ್ಟ್ ಕ್ಲಾಸ್ ಅದಂತ! ಕಲಬುರಗಿ ಡಾಕ್ಟರ್ ಬರದು ಕೊಟ್ಟಾನ!"

ಅತ್ತೆ ಮಗನ ನೆತ್ತಿ ಮುಟ್ಟಿ ನೆಟಿಗೆ ಮುರಿದರು. "ನನಗ ಗೊತ್ತಿತ್ತು. ನನ್ನ ಮಗ ಅಂಥಾವ ಅಲ್ಲ. ಸುಮ್ಮ ಮಂದಿ ಅಂತಾರ." ಆಮೇಲೆ ನನ್ನ ಕಡೆ ತಿರುಗಿ, "ಮನಸ್ಸು ಶಾಂತ ಇದ್ರ ಯಾವ ಬ್ಯಾನಿನೂ ಬರಂಗಿಲ್ಲವ್ವ," ಅಂದರು. ಆತ ರಿಪೋರ್ಟನ್ನು ಲ್ಯಾಮಿನೇಷನ್ ಮಾಡಿಸಿದ. ಹುಡುಗಾಟಕ್ಕಲ್ಲ, ನಿಜವಾಗಿ. ಧಾಬಾದಲ್ಲಿ ತೋರಿಸುತ್ತಾನಂತೆ. ಅವನ ಹೆಂಡತಿ ತವರಿಗೆ ಹೋದವಳು ಈ ಸಲ ಬೇಗ ಬರಲಿಲ್ಲ. ಬಂದ ಮೇಲೂ ಸುರಪುರದಲ್ಲಿ ಹೊಲಿಗೆ ಕಲಿಯಲು ಸೇರಿದಳು. ಅದಕ್ಕೆ ಮೊದಲು ಯಾರನ್ನೂ ಕೇಳಲಿಲ್ಲ. ನನಗದು ಹಿಡಿಸಿತು.

ನನ್ನ ಕಾಲಿನ ಬಾವು ಇಳಿಯಿತು, ಹೊಟ್ಟೆಯ ನೀರು ಇಳಿಯಿತು. ಗುಳಿಗೆಯ ಪ್ರಮಾಣ ಕಡಿಮೆ ಮಾಡಿದ್ದಾರೆ, ಮುಖವೂ ಮೊದಲಿನ ಆಕಾರಕ್ಕೆ ಬರುತ್ತಿದೆ. ಓಣಿಯವರ ಪ್ರಕಾರ ಮತ್ತೆ ಸೊರಗುತ್ತಿದ್ದೇನೆ. ಲಿವರ್ ಎಷ್ಟು ಗಟ್ಟಿಯಾಗಿತ್ತೋ ಅಷ್ಟಕ್ಕೇ ನಿಂತಿದೆ, ಡಾಕ್ಟರು ಖುಷಿಯಲ್ಲಿದ್ದಾರೆ. ನಾನೂ ಖುಷಿಯಲ್ಲಿದ್ದೇನೆ, ಮುಖ ಗಂಟು ಹಾಕಿಕೊಂಡೇ.

ಮೊನ್ನೆ, ಕಾಯಿಲೆಯ ಕಾರಣ ಕೊಟ್ಟರೆ ಶಹಾಪುರಕ್ಕೇ ವರ್ಗ ಮಾಡುತ್ತಾರೆ, ಅರ್ಜಿ ಹಾಕಿರಿ ಎಂದು ನಮ್ಮ ಹೆಡ್‌ಮಾಸ್ತರರು ಹೇಳಿದರು. ಮನೆಯವರೂ ಒತ್ತಾಯ ಮಾಡಿದರು. "ದಿನಾ ಅಷ್ಟು ದೂರ ಯಾಕ ಬಸ್ಸಿನ್ಯಾಗ ಸಾಯ್ತಿ? ಮನಿ ಮುಂದ ಸಾಲಿ ಆಗ್ತದ."

"ಬ್ಯಾಡ್ರಿ," ಅಂದೆ.

"ಯಾಕ?"

ಕೆಂಭಾವಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕರೆ ನಿದ್ದೆ ಹತ್ತುತ್ತದೆ. ಎರಡೂ ಕಡೆ ಹತ್ತಿ, ತೊಗರಿ. ಸಂತೆಯ ದಿನ ಕೋಳಿ, ಉಳ್ಳಾಗಡ್ಡಿ ಚೀಲ, ಎಲೆಅಡಿಕೆಯ ವಾಸನೆ. ಎಲ್ಲರೂ ಅವರವರ ಜಗಳದಲ್ಲಿರುತ್ತಾರೆ. ಹೋಗುವಾಗ ಅಷ್ಟು ಹೊತ್ತು, ಬರುವಾಗ ಅಷ್ಟು ಹೊತ್ತು, ಯಾರೂ ನನ್ನ ಗದ್ದ ಹಿಡಿದು ಮುಖ ಎತ್ತುವುದಿಲ್ಲ. ಇಷ್ಟನ್ನೆಲ್ಲ ಅವರಿಗೆ ಹೇಳುತ್ತಾ ಕೂರಲು ಹೊತ್ತಿರಲಿಲ್ಲ, ಬಸ್ಸಿನ ಹಾರ್ನ್ ಕೇಳಿಸುತ್ತಿತ್ತು.

"ಸುಮ್ಮ ಹಂಗ," ಎಂದು ಹೇಳಿ ಬುತ್ತಿ ತಗೊಂಡು ಹೊರಟೆ.